ಹಳೇ ಮೌಂಟೇನ್ ಬೈಕು: ಐದು ಕಿಲೋಮೀಟರಿಗೇ ಕೈ ಜೋಮು, ಸೀಟಲ್ಲಿ ಕೂರೋಕಾಗಲ್ಲ

ಲಿಂಗಾಂಬುಧಿ_ಸವಾರ
ಭಾನುವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ಮಗ ಪಿಯುಸಿ ಓದುವಾಗ, 2010ರಲ್ಲಿ, ಕೊಡಿಸಿದ್ದ ಗೇರ್ ಸೈಕಲ್ಲು. 26 ಇಂಚಿನ ಚಕ್ರ, ಕಬ್ಬಿಣದ ಫ್ರೇಮು, ಮುಂದೆ ಶಾಕ್ಸು, ಟ್ರ್ಯಾಕ್ಟರ್ ಥರ ಗುಬುಟು ಗುಬುಟು ಟೈರು, ಹದಿನೆಂಟು ಗೇರು. ಅವನೀಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಸೈಕಲ್ಲು ಮಹಡಿ ಮೆಟ್ಟಿಲ ಕೆಳಗೆ ಹಳೇ ಪೇಪರ್ ಕಟ್ಟಿನ ಜೊತೆ ಬಿದ್ದಿತ್ತು. ಸಕ್ಕರೆ ಏರಿದೆ ಅಂತ ಡಾಕ್ಟರು ದಿನಾ ವಾಕಿಂಗ್ ಮಾಡಿ ಅಂದರು. ವಾಕಿಂಗ್ ನನಗೆ ಬೇಜಾರು. ಸೈಕಲ್ ಹೊಡೀತೀನಿ ಅಂದೆ.

ವಯಸ್ಸು 54, ಎತ್ತರ ಐದಡಿ ಆರಿಂಚು, ತೂಕ 82. ಮೈಸೂರು ಕುವೆಂಪುನಗರದಿಂದ ಲಿಂಗಾಂಬುಧಿ ಕೆರೆ ಕಡೆ ಹೋಗಿ, ರಿಂಗ್ ರೋಡಲ್ಲಿ ಒಂದಿಷ್ಟು ದೂರ ಹೊಡೆದು ವಾಪಸ್. ಐದು ಕಿಲೋಮೀಟರ್ ದಾಟಿದರೆ ಅಂಗೈ ಜೋಮು. ಆಮೇಲೆ ಕುಂಡೆ ಉರಿ. ಮನೆಗೆ ಬಂದ ಮೇಲೆ ಮಂಡಿಚಿಪ್ಪಿನ ಹತ್ತಿರ ನೋವು. 450 ರೂಪಾಯಿ ಕೊಟ್ಟು ಜೆಲ್ ಸೀಟ್ ಕವರ್ ಹಾಕಿಸಿದೆ. ಮೊದಲ ದಿನ ಸೋಫಾ ಥರ ಇತ್ತು, ಮೂರನೇ ದಿನ ಮುಂಚಿಗಿಂತ ಕೆಟ್ಟದಾಯಿತು.

ಅಂಗಡಿಯವರು "ಇದನ್ನ ಗುಜರಿಗೆ ಹಾಕಿ ಸಾರ್, ಹೈಬ್ರಿಡ್ ಸೈಕಲ್ ತಗೊಳ್ಳಿ" ಅಂದರು. ನನಗೆ ಇದನ್ನೇ ಸರಿ ಮಾಡಿಸಬೇಕು ಅಂತ. ಮೂರು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಒಳ್ಳೇ ಸೀಟು ಯಾವುದು ಹೇಳಿ.

ಪೇಡೆ_ಪೆಡಲ್
ಭಾನುವಾರ, ಸಂಜೆ 7:15

ಸರ, ಸೀಟಿನ ಸುದ್ದಿ ಆಮ್ಯಾಲೆ. ಈಗ ಒಂದ ರೂಪಾಯಿನೂ ಖರ್ಚ ಮಾಡಬ್ಯಾಡ್ರಿ. ಟೈರಿನ್ಯಾಗ ಗಾಳಿ ಎಷ್ಟ ಐತಿ ಅಷ್ಟ ಹೇಳ್ರಿ ಮೊದಲ.

ನಮ್ಮ ಧಾರವಾಡದಾಗ ಗಾಳಿ ಹೊಡಿಯೋ ಹುಡುಗೂರು ಹೆಬ್ಬಟ್ಟಿಲೆ ಒತ್ತಿ ನೋಡ್ತಾರ, ಕಲ್ಲ ಆಗೂತನಕ ಬಿಡಂಗಿಲ್ಲ. ಸಪೂರ ಟೈರಿಗೆ ಅದು ಸರಿ. ಎರಡ ಇಂಚ ಅಗಲದ ಟೈರಿಗೆ ಹಂಗ ತುಂಬಿದ್ರ ಅದು ಟೈರ್ ಅಲ್ಲರಿ, ಚಕ್ಕಡಿ ಗಾಲಿ. ರಸ್ತೇದ ಪ್ರತಿ ಹರಳೂ ನಿಮ್ಮ ಬೆನ್ನಿಗೆ ಬಂದು ರಾಮ ರಾಮ ಅಂತೈತಿ.

ಲಿಂಗಾಂಬುಧಿ_ಸವಾರ
ಭಾನುವಾರ, ರಾತ್ರಿ 8:02

ಹೆಬ್ಬೆರಳಿಂದ ಒತ್ತಿದೆ. ಕಲ್ಲೇ. ಪಕ್ಕದ ಮನೆ ಹುಡುಗನ ಹತ್ತಿರ ಮೀಟರ್ ಇರೋ ಪಂಪ್ ಇತ್ತು, ಇಸ್ಕೊಂಡು ನೋಡಿದೆ: ಹಿಂದೆ 65 ಪಿಎಸ್‌ಐ, ಮುಂದೆ 60. ಟೈರ್ ಪಕ್ಕದಲ್ಲಿ 26×2.125 ಅಂತ ಬರೆದಿದೆ.

ಪೇಡೆ_ಪೆಡಲ್
ಭಾನುವಾರ, ರಾತ್ರಿ 8:10

ಸಿಕ್ತ ನೋಡ್ರಿ ಕಳ್ಳ. ನಿಮ್ಮ ತೂಕಕ್ಕ ಹಿಂದ 42, ಮುಂದ 34 ಇಟ್ಟು ನಾಳೆ ಹೋಗಿ ಬರ್ರಿ. ಹಿಂದ ಜಾಸ್ತಿ ಯಾಕಂದ್ರ ಭಾರ ಎಲ್ಲಾ ಅಲ್ಲೇ ಕೂಡ್ತದ. ಇದಕ್ಕಿಂತ ಭಾಳ ಕಡಿಮಿನೂ ಮಾಡಬ್ಯಾಡ್ರಿ, ತಗ್ಗಿನ್ಯಾಗ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತಿಗೂ ನಡು ಸಿಕ್ಕು ಎರಡ ಕಡೆ ತೂತ ಬೀಳ್ತದ. ಟೈರಿನ ಪಕ್ಕದಾಗ ಕನಿಷ್ಠ ಇಷ್ಟ, ಗರಿಷ್ಠ ಇಷ್ಟ ಅಂತ ಬರೆದಿದ್ರ ಅದರ ಒಳಗ ಇರ್ರಿ.

ಹಳೇಗೇರು
ಭಾನುವಾರ, ರಾತ್ರಿ 9:30

ಗಾಳಿಯ ವಿಷಯದಲ್ಲಿ ಪೇಡೆಯವರು ಹೇಳಿದ್ದು ನೂರಕ್ಕೆ ನೂರು. ಫ್ರ್ಯಾಂಕ್ ಬರ್ಟೊ ಅಂತ ಒಬ್ಬರು ಅಮೆರಿಕದಲ್ಲಿ ಇದನ್ನೇ ಕೂತು ಅಳೆದಿದ್ದರು. ಸವಾರ ಹತ್ತಿದಾಗ ಟೈರಿನ ಎತ್ತರ ನೂರಕ್ಕೆ ಹದಿನೈದರಷ್ಟು ಕುಸಿಯಬೇಕು, ಅದು ಹದ ಅಂತ ಅವರ ಲೆಕ್ಕ. ಎರಡು ಇಂಚಿನ ಟೈರಲ್ಲಿ ಅದು ಏಳೆಂಟು ಮಿಲಿಮೀಟರ್. ಶಾಕ್ಸ್ ಬೇಕಾಗಿಲ್ಲ, ಟೈರೇ ಶಾಕ್ಸು.

ಆದರೆ ಮಂಡಿನೋವು ಗಾಳಿಯಿಂದ ಬರೋದಲ್ಲ. ಮಂಡಿಚಿಪ್ಪಿನ ಮುಂದೆ ನೋವು ಅಂದ್ರೆ ಹತ್ತರಲ್ಲಿ ಒಂಬತ್ತು ಸಲ ಸೀಟು ತಗ್ಗಿನಲ್ಲಿದೆ. ಹೀಗೆ ಅಳೆಯಿರಿ: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ರಟ್ಟಿನ ಪುಸ್ತಕವನ್ನು ಕಾಲ ಸಂದಿಗೆ ಸೀಟಿನ ಹಾಗೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿಗೆ ಗೋಡೆ ಮೇಲೆ ಪೆನ್ಸಿಲ್ ಗುರುತು. ನೆಲದಿಂದ ಆ ಗುರುತಿಗೆ ಎಷ್ಟು ಸೆಂಟಿಮೀಟರೋ ಅದನ್ನು 0.883ರಿಂದ ಗುಣಿಸಿ. ಪೆಡಲ್ ಕ್ರ್ಯಾಂಕು ತಿರುಗುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟ್ ಪೈಪಿನ ಗುಂಟ, ಅಷ್ಟಿರಬೇಕು. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಪ್ರಚಾರಕ್ಕೆ ತಂದ ಲೆಕ್ಕ ಇದು. ಅವರದು ರೇಸಿನ ಲೆಕ್ಕ, ಪೆಡಲಿಗೆ ಕಚ್ಚಿಕೊಳ್ಳೋ ಶೂ ಹಾಕುವವರಿಗೆ. ಚಪ್ಪಲಿ, ಕ್ಯಾನ್ವಾಸ್ ಶೂನಲ್ಲಿ ಊರೊಳಗೆ ಓಡಿಸುವ ನಮ್ಮಂಥವರು ಒಂದೆರಡು ಸೆಂಟಿಮೀಟರ್ ಕಡಿಮೆ ಇಟ್ಟುಕೊಳ್ಳಬೇಕು.

ಪುಸ್ತಕ, ಟೇಪು ಯಾವುದೂ ಬೇಡ ಅಂದ್ರೆ: ಸೀಟಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಸೊಂಟ ಓಲಾಡಬಾರದು. ಆಮೇಲೆ ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲೆ ಬರುತ್ತಲ್ಲ, ಆಗ ಮಂಡಿ ತಾನಾಗೇ ಸ್ವಲ್ಪ ಮಡಚಿರುತ್ತೆ.

ಸ್ಪೀಡ್‌ಬ್ರೇಕರ್_ಸಿದ್ದ
ಸೋಮವಾರ, ಬೆಳಿಗ್ಗೆ 7:20

ಕ್ಷಮಿಸಿ, ನೇರವಾಗಿ ಹೇಳ್ತೀನಿ. 18 ಕೆಜಿ ಕಬ್ಬಿಣಕ್ಕೆ ಮೂರು ಸಾವಿರ ಸುರಿಯೋದು ವೇಸ್ಟ್. ಇವತ್ತು ಸೀಟು, ನಾಳೆ ಟೈರು, ನಾಡಿದ್ದು ಫ್ರೀವೀಲು. 26 ಇಂಚಿನ ಕಾಲ ಮುಗೀತು, ಈಗೆಲ್ಲ 27.5 ಮತ್ತು 29. ಒಳ್ಳೇ ಟೈರ್ ಹುಡುಕೋದೇ ಒಂದು ಕೆಲಸ. ಹೊಸದು ತಗೊಂಡು ಅರಾಮಾಗಿರಿ.

ಹಳೇಗೇರು
ಸೋಮವಾರ, ಬೆಳಿಗ್ಗೆ 8:05

ಸಿದ್ದ, ಹೊಸ ಸೈಕಲ್ಲಿನ ಸೀಟೂ ಎಂಟು ಸೆಂಟಿಮೀಟರ್ ತಗ್ಗಿನಲ್ಲಿದ್ದರೆ ಮಂಡಿ ನೋಯುತ್ತೆ. 18 ಸಾವಿರ ಕೊಟ್ಟು ಅದೇ ನೋವು ಕೊಂಡುಕೊಳ್ಳೋದು ಯಾಕೆ?

ಲಿಂಗಾಂಬುಧಿ_ಸವಾರ
ಸೋಮವಾರ, ರಾತ್ರಿ 9:10

ಬೆಳಿಗ್ಗೆ 42–34 ಗಾಳಿಯಲ್ಲಿ ಹೋಗಿ ಬಂದೆ. ಇದು ಅದೇ ಸೈಕಲ್ಲಾ ಅನ್ನಿಸಿತು. ನಮ್ಮ ರಸ್ತೆಯಲ್ಲಿ ಒಳಚರಂಡಿಗೆ ಅಗೆದು ಮುಚ್ಚಿದ ಜಾಗ ಒಂದಿದೆ, ದಿನಾ ಅಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಇವತ್ತು ದಡಬಡ ಅಂತ ಹಾದು ಹೋಯಿತು ಅಷ್ಟೆ. ಪೇಡೆಯವರೇ, ಧಾರವಾಡಕ್ಕೆ ಬಂದಾಗ ನಿಮಗೆ ಮೈಸೂರು ಪಾಕ್ ತರ್ತೀನಿ.

ಪುಸ್ತಕದ ಅಳತೆ: 77 ಸೆಂ.ಮೀ. ಗುಣಿಸಿದರೆ 68. ನನ್ನ ಸೀಟು ಇರೋದು 60! ಮಗ ಹದಿನಾರು ವಯಸ್ಸಲ್ಲಿ ಇಟ್ಟಿದ್ದ ಎತ್ತರ, ಯಾರೂ ಮುಟ್ಟಿಲ್ಲ. ಆದರೆ ಒಂದು ಭಯ. ಅಷ್ಟು ಎತ್ತರಿಸಿದರೆ ಸಿಗ್ನಲ್ಲಲ್ಲಿ ನಿಂತಾಗ ಕಾಲು ಪೂರ್ತಿ ನೆಲಕ್ಕೆ ಎಟುಕಲ್ಲವಲ್ಲ? ಈ ವಯಸ್ಸಲ್ಲಿ ಬಿದ್ದರೆ ಕಷ್ಟ.

ಹಳೇಗೇರು
ಸೋಮವಾರ, ರಾತ್ರಿ 9:45

ಎಟುಕಬಾರದು. ಕೂತಲ್ಲೇ ಎರಡೂ ಪಾದ ಊರಬಹುದಾದರೆ ಸೀಟು ತಗ್ಗಾಗಿದೆ ಅಂತಲೇ ಅರ್ಥ. ನಿಲ್ಲಿಸುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿದು ಒಂದು ಕಾಲು ನೆಲಕ್ಕೆ, ಇನ್ನೊಂದು ಪೆಡಲ್ ಮೇಲೆ. ನಮ್ಮ ಅಪ್ಪಂದಿರು 28 ಇಂಚಿನ ದೊಡ್ಡ ಸೈಕಲ್ ಹೇಗೆ ನಿಲ್ಲಿಸುತ್ತಿದ್ದರು ನೆನಪು ಮಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ. ಒಂದೇ ಸಲ ಎಂಟು ಸೆಂಟಿಮೀಟರ್ ಏರಿಸಬೇಡಿ. ವಾರಕ್ಕೆ ಎರಡರ ಹಾಗೆ 66ಕ್ಕೆ ಬಂದು ನಿಲ್ಲಿ. ಪೋಸ್ಟಿನ ಮೇಲೆ (ಸೀಟಿನಿಂದ ಫ್ರೇಮಿನೊಳಗೆ ಇಳಿಯುವ ಪೈಪು) ಕಚ್ಚು ಹಾಕಿದ ಗೆರೆ ಇರುತ್ತೆ, ಅದು ಫ್ರೇಮಿನಿಂದ ಹೊರಗೆ ಕಾಣಬಾರದು.

ಲಿಂಗಾಂಬುಧಿ_ಸವಾರ
ಬುಧವಾರ, ಸಂಜೆ 6:55

ಗೆರೆ ಬಿಡಿ, ಪೋಸ್ಟೇ ಅಲ್ಲಾಡ್ತಿಲ್ಲ. ಹದಿನೈದು ವರ್ಷದ ತುಕ್ಕು. ಬೋಲ್ಟ್ ಪೂರ್ತಿ ಸಡಿಲಿಸಿ ಸೀಟು ಹಿಡಿದು ತಿರುಗಿಸಿದರೆ ಸೀಟು ಮಾತ್ರ ತಿರುಗಿತು. ಸುತ್ತಿಗೆ ತಗೊಂಡೆ, ನಮ್ಮನೆಯವಳು ಕಿತ್ತಿಟ್ಟಳು.

ಕಡಲ_ಕ್ರ್ಯಾಂಕ್
ಬುಧವಾರ, ರಾತ್ರಿ 8:20

ಅಮ್ಮನವರಿಗೆ ಒಂದು ನಮಸ್ಕಾರ ಹೇಳಿ. ಸುತ್ತಿಗೆ ಬೇಡವೇ ಬೇಡ ಮಾರಾಯ್ರೆ. ನಾನು ಮಂಗಳೂರಿನವ, ತುಕ್ಕಿನ ವಿಷಯದಲ್ಲಿ ನಮಗೆ ಪಿಎಚ್‌ಡಿ ಉಂಟು. ಇಲ್ಲಿ ಉಪ್ಪು ಗಾಳಿಗೆ ಎರಡು ಮಳೆಗಾಲ ಬಿಟ್ಟರೆ ಪೋಸ್ಟು ಫ್ರೇಮಿಗೆ ಮದುವೆಯಾಗಿ ಬಿಡ್ತದೆ.

ಸಂಧಿಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಮತ್ತೊಮ್ಮೆ. ಸೈಕಲ್ ತಲೆಕೆಳಗೆ ಮಾಡಿ, ಪೆಡಲ್ ಕ್ರ್ಯಾಂಕಿನ ಕಡೆಯಿಂದ ಒಳಗೂ ಎಣ್ಣೆ ಇಳಿಯುವ ಹಾಗಾದರೆ ಇನ್ನೂ ಒಳ್ಳೆಯದು. ಮತ್ತೆ ವೆಲ್ಡಿಂಗ್ ಅಂಗಡಿಗೆ ಹೋಗಿ. ಸೀಟು ಬಿಚ್ಚಿ, ಪೋಸ್ಟಿನ ತಲೆಯನ್ನು ಅವರ ದೊಡ್ಡ ವೈಸಿಗೆ ಗಟ್ಟಿಯಾಗಿ ಕಚ್ಚಿಸಿ. ಈಗ ಪೋಸ್ಟು ತಿರುಗಿಸುವುದಲ್ಲ, ಇಡೀ ಫ್ರೇಮನ್ನೇ ಎರಡು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ, ಅಷ್ಟು ಉದ್ದದ ಪಾನ (ಸ್ಪ್ಯಾನರ್) ಬೇರೆ ಎಲ್ಲಿ ಸಿಗ್ತದೆ? ಮೊದಲು "ಟಕ್" ಅಂತ ಒಂದು ಶಬ್ದ ಬರ್ತದೆ, ಹೆದರಬೇಡಿ, ಅದೇ ಬೇಕಾದ್ದು.

ಲಿಂಗಾಂಬುಧಿ_ಸವಾರ
ಶುಕ್ರವಾರ, ರಾತ್ರಿ 7:30

ಟಕ್ ಅಂತು!

ಹೊರಬಂದ ಪೋಸ್ಟು ನೋಡಬೇಕಿತ್ತು, ಹಲಸಿನ ಹಣ್ಣಿನ ಸಿಪ್ಪೆ ಥರ ಆಗಿತ್ತು. ವ್ಯಾಸದಲ್ಲಿ ಅದೇ 25.4 ಮಿಲಿಮೀಟರಿನ ಹೊಸ ಪೋಸ್ಟು 220 ರೂಪಾಯಿ. ಫ್ರೇಮಿನ ಒಳಗೆ ಮರಳು ಕಾಗದ ಆಡಿಸಿ, ಗ್ರೀಸ್ ಹಚ್ಚಿ ಇಳಿಸಿದೆ. ಸದ್ಯಕ್ಕೆ 62.

ಲಿಂಗಾಂಬುಧಿ_ಸವಾರ
ಮುಂದಿನ ವಾರ, ಶನಿವಾರ, ಬೆಳಿಗ್ಗೆ 10:15

65ಕ್ಕೆ ಬಂದಿದ್ದೇನೆ. ಮಂಡಿನೋವು ಹೋಯಿತು, ನಿಜ ಹೇಳ್ತೀನಿ, ನಂಬೋಕಾಗ್ತಿಲ್ಲ. ಏರು ರಸ್ತೆಯಲ್ಲಿ ಒಂದು ಗೇರು ಮೇಲೇ ಇಟ್ಕೊಂಡು ಹತ್ತುತ್ತೇನೆ.

ಆದರೆ ಕೈ ಜೋಮು ಮೊದಲಿಗಿಂತ ಜಾಸ್ತಿ. ಮೂರೇ ಕಿಲೋಮೀಟರಿಗೆ ಶುರು. ಒಂದನ್ನ ಸರಿಮಾಡಿದರೆ ಇನ್ನೊಂದು ಕೆಡುತ್ತೆ ಅನ್ನೋದಾದರೆ ಸಿದ್ದ ಅವರು ಹೇಳಿದ್ದೇ ಸರಿಯೇನೋ.

ಸ್ಪೀಡ್‌ಬ್ರೇಕರ್_ಸಿದ್ದ
ಶನಿವಾರ, ಬೆಳಿಗ್ಗೆ 10:20

ನಾನೇನೂ ಹೇಳಲ್ಲಪ್ಪ.

ಮಣಿಕಟ್ಟು
ಶನಿವಾರ, ಮಧ್ಯಾಹ್ನ 1:40

ನಾನು ಫಿಸಿಯೋಥೆರಪಿಸ್ಟ್. ಸೈಕಲ್ಲಿನ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ಕೈ ಬಗ್ಗೆ ಗೊತ್ತು. ಯಾವ ಬೆರಳು ಜೋಮು ಹಿಡಿಯುತ್ತೆ? ಕಿರುಬೆರಳು ಮತ್ತು ಉಂಗುರದ ಬೆರಳಾ, ಅಥವಾ ಹೆಬ್ಬೆರಳು, ತೋರುಬೆರಳು, ನಡುಬೆರಳಾ? ಇಳಿದ ಮೇಲೆ ಎಷ್ಟು ಹೊತ್ತು ಇರುತ್ತೆ?

ಲಿಂಗಾಂಬುಧಿ_ಸವಾರ
ಶನಿವಾರ, ಮಧ್ಯಾಹ್ನ 2:05

ಕಿರುಬೆರಳು, ಉಂಗುರದ ಬೆರಳು. ಎರಡೂ ಕೈ. ಇಳಿದು ಕೈ ಕೊಡವಿದರೆ ಐದು ನಿಮಿಷದಲ್ಲಿ ಸರಿಹೋಗುತ್ತೆ ಮೇಡಂ.

ಮಣಿಕಟ್ಟು
ಶನಿವಾರ, ಮಧ್ಯಾಹ್ನ 2:30

ಹಾಗಾದರೆ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನರ್ ನರ ಹ್ಯಾಂಡಲ್ಲಿಗೆ ಒತ್ತಿಕೊಳ್ಳುತ್ತಿದೆ. ಸೈಕಲ್ ಸವಾರರಲ್ಲಿ ಇದು ತುಂಬಾ ಸಾಮಾನ್ಯ. ಎರಡು ಕಾರಣ: ಮೈಭಾರ ಕೈ ಮೇಲೆ ಬೀಳೋದು, ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡಿರೋದು. ಸೈಕಲ್ ಮೇಲೆ ಕೂತು ಬ್ರೇಕ್ ಹಿಡಿದ ಹಾಗೆ ಬೆರಳು ಚಾಚಿ, ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ಬ್ರೇಕಿನ ಹಿಡಿ ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚಿದ್ದರೆ ಮಣಿಕಟ್ಟು ಮಡಚುತ್ತೆ. ಅದನ್ನು ಓರೆಯಾಗಿ ಕೆಳಗೆ ತಿರುಗಿಸಿ.

ನಿಮಗೆ ಸಕ್ಕರೆ ಇದೆ ಅಂದಿರಿ, ಹಾಗಾಗಿ ಒಂದು ಮಾತು. ಸೈಕಲ್ ಇಳಿದು ಗಂಟೆಗಟ್ಟಲೆ ಜೋಮು ಉಳಿದರೆ, ಅಥವಾ ಸೈಕಲ್ ಹತ್ತದ ದಿನವೂ ಬಂದರೆ, ಅಥವಾ ಪಾದದಲ್ಲೂ ಶುರುವಾದರೆ ಹ್ಯಾಂಡಲ್ ತಿರುಗಿಸುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಹಳೇಗೇರು
ಶನಿವಾರ, ಸಂಜೆ 4:10

ಮೇಡಂ ಹೇಳಿದ್ದರಲ್ಲೇ ಉತ್ತರ ಇದೆ. ಸೀಟು ಏರಿಸಿದಿರಿ, ಹ್ಯಾಂಡಲ್ ಅಲ್ಲೇ ಇದೆ. ಈಗ ಸೀಟಿಗಿಂತ ಹ್ಯಾಂಡಲ್ ಐದು ಸೆಂಟಿಮೀಟರ್ ತಗ್ಗು, ನೀವು ಮುಂದಕ್ಕೆ ಬಗ್ಗಿ ಕೈ ಊರಿಕೊಂಡು ಹೋಗ್ತಿದ್ದೀರಿ. ಕೆಟ್ಟಿಲ್ಲ, ಅರ್ಧ ಕೆಲಸ ಬಾಕಿ ಇದೆ ಅಷ್ಟೆ.

ಮೊದಲು ಪುಕ್ಕಟೆ ಕೆಲಸ. ಸೀಟಿನ ಮೂತಿ ಮೇಲಕ್ಕೋ ಕೆಳಕ್ಕೋ ನೋಡಿ. ಈ ದರ್ಜೆಯ ಸೈಕಲ್ಲುಗಳಲ್ಲಿ ಸೀಟಿನ ಕೆಳಗಿನ ಕ್ಲಾಂಪಿನಲ್ಲಿ ಸಣ್ಣ ಸಣ್ಣ ಹಲ್ಲು ಇರ್ತಾವೆ, ಸವೆದಿದ್ದರೆ ಎಷ್ಟು ಬಿಗಿದರೂ ಒಂದು ಗುಂಡಿಗೆ ಬಿದ್ದ ತಕ್ಷಣ ಸೀಟು ವಾಲುತ್ತೆ. ಮೂತಿ ಕೆಳಗಾದರೆ ನೀವು ಮುಂದಕ್ಕೆ ಜಾರ್ತಾ ಇರ್ತೀರಿ, ತಡೆಯೋದು ಕೈ. ಮೂತಿ ಮೇಲಾದರೆ ಬೇರೆ ಕಡೆ ಜೋಮು ಹಿಡಿಯುತ್ತೆ, ವಿವರ ಬೇಡ. ಹೊಸ ಕ್ಲಾಂಪ್ ಐವತ್ತು ಅರವತ್ತು ರೂಪಾಯಿ. ಸೀಟಿನ ಮೇಲೆ ಉದ್ದ ಸ್ಕೇಲಿಟ್ಟು ಮಟ್ಟ ನೋಡಿ.

ಎರಡನೆಯದು, ಸೀಟನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿ. ಹ್ಯಾಂಡಲ್ ದೂರ ಆಯಿತು ಅಂತ ಎಲ್ಲರೂ ಸೀಟನ್ನು ಮುಂದಕ್ಕೆ ಎಳೀತಾರೆ, ಆಗ ಮೈಭಾರ ಎಲ್ಲಾ ಕೈಗೆ ಬರುತ್ತೆ. ಕುರ್ಚಿಯಿಂದ ಏಳುವಾಗ ಪಾದ ಮುಂದಿದ್ದರೆ ಏಳೋಕಾಗಲ್ಲ, ಪಾದ ಹಿಂದಕ್ಕೆ ತಗೊಂಡರೆ ಮೈ ತಾನಾಗೇ ಮುಂದಕ್ಕೆ ಬಾಗಿ ಏಳುತ್ತಲ್ಲ? ಅದೇ ಲೆಕ್ಕ ಉಲ್ಟಾ. ಸೊಂಟ ಹಿಂದಿದ್ದರೆ ಕಾಲು ಮೈಭಾರ ಹೊರುತ್ತೆ. ಖಾಲಿ ರಸ್ತೆಯಲ್ಲಿ ತುಳಿಯುತ್ತಾ ಅಂಗೈ ಒಂದು ಕ್ಷಣ ಸಡಿಲಿಸಿ ನೋಡಿ. ಮುಗ್ಗರಿಸೋ ಹಾಗಾದರೆ ಇನ್ನೂ ಸರಿಯಿಲ್ಲ.

ಆಮೇಲೆ ಹ್ಯಾಂಡಲ್ ಎತ್ತರ. ಸ್ಟೆಮ್ಮಿನ, ಅಂದರೆ ಹ್ಯಾಂಡಲನ್ನು ಮುಂದಿನ ಫೋರ್ಕಿಗೆ ಕೂಡಿಸೋ ತುಂಡಿನ, ಫೋಟೋ ಹಾಕಿ.

ಸನ್ನಿವೇಲ್_ಸೈಕಲ್ಲು
ಭಾನುವಾರ, ಬೆಳಿಗ್ಗೆ 9:00

ನಾನು ಕ್ಯಾಲಿಫೋರ್ನಿಯಾದಿಂದ. ಮೂಲ ಹಾಸನ. ನನ್ನ ಹತ್ತಿರ 1993ರ ಸ್ಟೀಲ್ ಮೌಂಟೇನ್ ಬೈಕು, ಯಾರೋ ಗ್ಯಾರೇಜ್ ಖಾಲಿ ಮಾಡುವಾಗ ತಗೊಂಡದ್ದು. ಸ್ಟೆಮ್ಮು ಹದಿಮೂರು ಸೆಂಟಿಮೀಟರ್ ಉದ್ದ, ಹ್ಯಾಂಡಲ್ ಕೋಲಿನ ಹಾಗೆ ನೆಟ್ಟಗೆ. ಆ ಕಾಲದಲ್ಲಿ ಎಲ್ಲರೂ ರೇಸಿನವರ ಹಾಗೆ ಬಗ್ಗಿ ಓಡಿಸಬೇಕು ಅಂತ ಕಂಪನಿಗಳು ಹಾಗೆ ಮಾಡಿದವು.

ತಮಾಷೆ ಏನಂದರೆ ಮೌಂಟೇನ್ ಬೈಕು ಹುಟ್ಟಿದ್ದೇ ಅರಾಮಿನ ಸೈಕಲ್ಲಿನಿಂದ. ನಾನಿರುವ ಜಾಗದಿಂದ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಮೌಂಟ್ ಟ್ಯಾಮ್ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಹುಡುಗರು 1930–40ರ ಬಲೂನ್ ಟೈರಿನ ಹಳೇ ಶ್ವಿನ್ ಸೈಕಲ್ಲುಗಳನ್ನು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಅಗಲ ಹ್ಯಾಂಡಲ್, ಎತ್ತರದ ಕೂರುವಿಕೆ. 1976ರಲ್ಲಿ ಶುರುವಾದ ಅವರ ರೇಸಿಗೆ ರೀಪ್ಯಾಕ್ ಅಂತ ಹೆಸರು, ಯಾಕೆಂದರೆ ಇಳಿದು ಬರುವಷ್ಟರಲ್ಲಿ ಹಿಂದಿನ ಹಬ್ ಬ್ರೇಕಿನ ಗ್ರೀಸ್ ಸುಟ್ಟು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು. 1981ರಲ್ಲಿ ಸ್ಟಂಪ್‌ಜಂಪರ್ ಅನ್ನೋ ಮೌಂಟೇನ್ ಬೈಕು ಬಂದಮೇಲೆ ಇದು ಕಾರ್ಖಾನೆ ಮಾಲಾಯಿತು.

ಹಾಗಾಗಿ ಹ್ಯಾಂಡಲ್ ಎತ್ತರಿಸಿ, ಹಿಂದಕ್ಕೆ ಬಾಗಿಸಿ ಅಂದರೆ ಅಪಚಾರ ಏನಲ್ಲ. ತವರಿಗೆ ಕಳಿಸಿದ ಹಾಗೆ.

ಹಳೇಗೇರು
ಭಾನುವಾರ, ಬೆಳಿಗ್ಗೆ 11:25

ಸವಾರರ ಫೋಟೋ ನೋಡಿದೆ. ಅದು ಹಳೇ ನಮೂನೆ, ಫೋರ್ಕಿನ ಪೈಪಿನೊಳಗೆ ಇಳಿಯುವ ಕ್ವಿಲ್ ಸ್ಟೆಮ್ಮು. ನಿಮ್ಮ ಅದೃಷ್ಟ. ಹೊಸ ಸೈಕಲ್ಲುಗಳ ಸ್ಟೆಮ್ಮನ್ನು ಇಷ್ಟು ಸುಲಭವಾಗಿ ಏರಿಸೋಕಾಗಲ್ಲ.

ಮೇಲಿನ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಬೋಲ್ಟ್ ಮೇಲೆ ಮರದ ತುಂಡಿಟ್ಟು ಒಂದು ಪೆಟ್ಟು ಕೊಡಿ (ಇಲ್ಲಿ ಸುತ್ತಿಗೆಗೆ ಅನುಮತಿ ಇದೆ). ಒಳಗಿನ ಬೆಣೆ ಬಿಟ್ಟುಕೊಳ್ಳುತ್ತೆ, ಸ್ಟೆಮ್ಮು ಮೇಲೆ ಬರುತ್ತೆ. ಇದರಲ್ಲೂ ಗೆರೆ ಇದೆ, ಅದನ್ನು ಮೀರಿ ಎಳೆಯಲೇಬೇಡಿ. ಸೀಟು ಕಳಚಿದರೆ ನೋವಾಗುತ್ತೆ, ಹ್ಯಾಂಡಲ್ ಕಳಚಿದರೆ ಹಲ್ಲು ಹೋಗುತ್ತೆ. ಬಿಗಿದ ಮೇಲೆ ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಚಿ ನೋಡಿ.

ಗೆರೆಯೊಳಗೆ ಎರಡು ಸೆಂಟಿಮೀಟರ್ ಸಿಗಬಹುದು. ಸಾಲದ್ದಕ್ಕೆ ಐದು ಸೆಂಟಿಮೀಟರ್ ಮೇಲಕ್ಕೆದ್ದು ಸ್ವಲ್ಪ ಹಿಂದಕ್ಕೆ ಬಾಗಿದ ರೈಸರ್ ಹ್ಯಾಂಡಲ್ ಹಾಕಿ. ನಡುವೆ 25.4 ಮಿಲಿಮೀಟರ್ ದಪ್ಪ ಇರೋದು ಕೇಳಿ ತಗೊಳ್ಳಿ, 31.8 ಕೊಟ್ಟರೆ ಕೂರಲ್ಲ. ಬ್ರೇಕ್ ವೈರು ಗಿಡ್ಡ ಆಗುತ್ತೆ, ಹೊಸದಕ್ಕೆ ದುಡ್ಡು ಇಟ್ಕೊಂಡಿರಿ.

ತುಂಗೆಯ_ದಡ
ಭಾನುವಾರ, ಸಂಜೆ 5:50

ಶಿವಮೊಗ್ಗದಿಂದ. ಸೀಟಿನ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ, ನಾನು ಹೇಳ್ತೀನಿ. ಹೆಂಗಸರಿಗೆ ಇದು ಇನ್ನೂ ದೊಡ್ಡ ತಾಪತ್ರಯ, ಅಂಗಡಿಯಲ್ಲಿ ಕೇಳಿದರೆ "ಲೇಡೀಸ್ ಸೀಟ್" ಅಂತ ಗುಲಾಬಿ ಬಣ್ಣದ್ದು ಕೊಡ್ತಾರೆ.

ನಾವು ಕೂರೋದು ಎರಡು ಮೂಳೆ ಮೇಲೆ. ಸೀಟು ಆ ಎರಡು ಮೂಳೆಯನ್ನು ಹೊರಬೇಕು. ಜೆಲ್ ಕವರ್ ಯಾಕೆ ಮೂರನೇ ದಿನ ಕೈಕೊಡ್ತು ಅಂದ್ರೆ, ಮೂಳೆ ಇದ್ದಲ್ಲಿ ಜೆಲ್ ತಗ್ಗಾಗಿ ಉಳಿದದ್ದು ನಡುವೆ ಉಬ್ಬಿ ಬರುತ್ತೆ, ಒತ್ತಬಾರದ ಕಡೆ ಒತ್ತುತ್ತೆ. ಹತ್ತು ನಿಮಿಷ ಮಾರ್ಕೆಟ್ಟಿಗೆ ಹೋಗಿ ಬರೋಕೆ ಮೆತ್ತಗಿನ ಸೀಟು ಸರಿ, ಗಂಟೆಗಟ್ಟಲೆ ಕೂರೋಕಲ್ಲ.

ಅಳೆಯೋದು ಹೀಗೆ: ಅಲೆ ಅಲೆ ಇರೋ ಪ್ಯಾಕಿಂಗ್ ರಟ್ಟಿನ ತುಂಡು, ಟಿವಿ ಬಂದ ಡಬ್ಬದ್ದು ಇರುತ್ತಲ್ಲ, ಗಟ್ಟಿ ಮೆಟ್ಟಿಲ ಮೇಲಿಟ್ಟು ತೆಳು ಬಟ್ಟೆಯಲ್ಲಿ ಕೂತು, ಮಂಡಿ ಸ್ವಲ್ಪ ಮೇಲೆತ್ತಿ ಒಂದು ನಿಮಿಷ ಇರಿ. ಎದ್ದು ನೋಡಿದರೆ ಎರಡು ಕುಳಿ. ನಡುವಿನಿಂದ ನಡುವಿಗೆ ಅಳೆದು, ಅದಕ್ಕೆ ಎರಡು ಎರಡೂವರೆ ಸೆಂಟಿಮೀಟರ್ ಸೇರಿಸಿ. ಸೀಟಿನ ಅಗಲ ಅದು. ನನಗೆ 13.5 ಬಂತು, ಸೈಕಲ್ ಜೊತೆ ಬಂದಿದ್ದ ಸೀಟು 14. ಮೂಳೆ ಅಂಚಿನಾಚೆ ನೇತಾಡ್ತಾ ಇತ್ತು. 16ರ ಗಟ್ಟಿ ಸೀಟು ಹಾಕಿದ ಮೇಲೆ ಗಾಜನೂರು ಡ್ಯಾಮಿಗೆ ಹೋಗಿ ಬರ್ತೀನಿ, ತೊಂದರೆ ಇಲ್ಲ. ನೀವು ಹ್ಯಾಂಡಲ್ ಎತ್ತರಿಸಿದಷ್ಟೂ ಮೈ ನೆಟ್ಟಗಾಗಿ ಸೀಟಿನ ಮೇಲೆ ಭಾರ ಜಾಸ್ತಿ ಬೀಳುತ್ತೆ, ಆಗ ಇನ್ನಷ್ಟು ಅಗಲ ಬೇಕಾಗಬಹುದು. ಅದಕ್ಕೇ ಸೀಟು ಕೊನೆಗೆ ಕೊಳ್ಳಿ.

ಕಡಲ_ಕ್ರ್ಯಾಂಕ್
ಭಾನುವಾರ, ರಾತ್ರಿ 9:15

ಚರ್ಮದ ಸೀಟು ಯಾರೂ ಹೇಳ್ಲಿಲ್ಲ. ನನ್ನ ಅಜ್ಜನ ಸೈಕಲಿನ ಸ್ಪ್ರಿಂಗ್ ಸೀಟು, ನಲವತ್ತು ವರ್ಷದ್ದು, ಈಗ ನನ್ನ ಮೌಂಟೇನ್ ಬೈಕಿನಲ್ಲಿ ಉಂಟು. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿ 1880ರ ದಶಕದಿಂದ ಮಾಡುತ್ತಾ ಬಂದದ್ದೂ ಇಂಥದ್ದೇ. ಚರ್ಮವನ್ನು ತೊಟ್ಟಿಲಿನ ಹಾಗೆ ಎಳೆದು ಕಟ್ಟುವುದು, ನಿಮ್ಮ ಮೂಳೆ ಇದ್ದಲ್ಲಿ ಅದೇ ಕುಳಿ ಮಾಡಿಕೊಳ್ತದೆ. ಆದರೆ ಕುಳಿ ಆಗುವವರೆಗೆ ಹಲಗೆಯ ಮೇಲೆ ಕೂತ ಹಾಗೆ. ಬೇಗ ಮೆತ್ತಗಾಗಲಿ ಅಂತ ನಾನು ತೆಂಗಿನೆಣ್ಣೆ ಸುರಿದು ಮೊದಲ ಸೀಟನ್ನು ಹಪ್ಪಳ ಮಾಡಿದ್ದೇನೆ, ನೀವು ಹಾಗೆ ಮಾಡಬೇಡಿ. ಮಳೆಗಾಲದಲ್ಲಿ ಬೂಷ್ಟು ಬರ್ತದೆ, ಪ್ಲಾಸ್ಟಿಕ್ ಚೀಲ ಕಟ್ಟಬೇಕು.

ಲಿಂಗಾಂಬುಧಿ_ಸವಾರ
ಮೂರನೇ ವಾರ, ಮಂಗಳವಾರ, ರಾತ್ರಿ 8:40

ವರದಿ. ಸ್ಟೆಮ್ಮು ಎರಡು ಸೆಂ.ಮೀ. ಏರಿತು. ರೈಸರ್ ಹ್ಯಾಂಡಲ್ 380, ಬ್ರೇಕ್ ವೈರ್ ಹೊರಗಿನ ಕೊಳವೆ ಸಮೇತ 160, ಗ್ರಿಪ್ಪು 150, ಕ್ಲಾಂಪು 60. ಹ್ಯಾಂಡಲ್ ಈಗ ಸೀಟಿಗಿಂತ ಒಂದು ಬೆರಳು ಮೇಲೆ. ಸೀಟು 66, ಮಟ್ಟ, ಸ್ವಲ್ಪ ಹಿಂದೆ. ರಟ್ಟಿನ ಮೇಲೆ ಕೂತೆ, 12 ಸೆಂ.ಮೀ. ಬಂತು. ಹಳೇ ಸೀಟು 15 ಇದೆ, ಹಾಗಾಗಿ ಅಗಲ ಸಾಕು! ಕವರ್ ಕಿತ್ತು ಹಾಕಿದೆ. ಇಷ್ಟು ದಿನ ಸೀಟಿನದು ಏನೂ ತಪ್ಪಿರಲಿಲ್ಲ.

ಟೈರಲ್ಲಿ ಮಾತ್ರ ಎಡವಟ್ಟಾಯಿತು. ಹಳೇದರ ಪಕ್ಕ ಬಿರುಕು ಬಿಟ್ಟಿತ್ತು, ನಡುವೆ ನುಣುಪಾಗಿರೋದು ಹಾಕೋಣ ಅಂತ ಅಂಗಡಿಯೊಂದರಲ್ಲಿ "26 ಇಂಚಿನದು ಕೊಡಿ" ಅಂದೆ. ಕೊಟ್ಟರು. ಮನೆಗೆ ತಂದು ಹಾಕಿದರೆ ಕೂಸಿನ ಕೈಗೆ ಅಜ್ಜಿ ಬಳೆ ತೊಡಿಸಿದ ಹಾಗೆ, ರಿಮ್ಮಿನ ಮೇಲೆ ಜೋತಾಡುತ್ತಿದೆ. ಬರೆದಿರೋದು 26×1⅜. ಇದೂ 26 ಅಲ್ಲವಾ?

ಹಳೇಗೇರು
ಮಂಗಳವಾರ, ರಾತ್ರಿ 9:05

ಅಲ್ಲ. ಸೈಕಲ್ ಲೋಕದ ಅತಿ ದೊಡ್ಡ ಮೋಸ ಈ 26. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತೆ, ಅದನ್ನೇ ನಂಬಿ. ಮೌಂಟೇನ್ ಬೈಕಿನ 26ಕ್ಕೆ 559, ಅಂದರೆ ಟೈರ್ ಕೂರೋ ಜಾಗದಲ್ಲಿ ರಿಮ್ಮಿನ ವ್ಯಾಸ ಮಿಲಿಮೀಟರಲ್ಲಿ. ನೀವು ತಂದಿರೋದು 590. ಮೂರು ಸೆಂಟಿಮೀಟರ್ ದೊಡ್ಡದು. 1.75 ಅಂತ ಬರೆದದ್ದೂ 1¾ ಅಂತ ಬರೆದದ್ದೂ ಗಣಿತದಲ್ಲಿ ಒಂದೇ, ಸೈಕಲ್ಲಿನಲ್ಲಿ ಬೇರೆ ಬೇರೆ. ಚುಕ್ಕಿ ಇರೋ ಸಂಖ್ಯೆ ಬೇಕು, ಭಿನ್ನರಾಶಿ ಬೇಡ.

ವಾಪಸ್ ಕೊಟ್ಟು 26×1.95, ನಡುವೆ ನುಣುಪು ಪಟ್ಟಿ ಇರೋದು ತಗೊಳ್ಳಿ. ಇನ್ನೂ ಸಪೂರದ್ದು ಬೇಡ, ಗಾಳಿಯ ಮೆತ್ತೆ ಹೋಗುತ್ತೆ.

ಪೇಡೆ_ಪೆಡಲ್
ಮಂಗಳವಾರ, ರಾತ್ರಿ 9:20

ಮತ್ತ ಅಲ್ಲಿ ಅವರ ಕೈಯಾಗ ಗಾಳಿ ಹೊಡಸಬ್ಯಾಡ್ರಿ!

ಲಿಂಗಾಂಬುಧಿ_ಸವಾರ
ಗುರುವಾರ, ರಾತ್ರಿ 8:00

ಬದಲಾಯಿಸಿಕೊಟ್ಟರು, ಪಾಪ, ಗೊಣಗಿದರೂ. ಜೋಡಿಗೆ 1,050. ಗುಬುಟು ಟೈರಿನ ಗುಂಯ್ ಸದ್ದು ನಿಂತಿದೆ, ಈಗ ಹಿಂದಿನಿಂದ ಬರೋ ಸ್ಕೂಟರ್ ಕೇಳಿಸುತ್ತೆ. ಒಟ್ಟು ಖರ್ಚು 2,020. ಉಳಿದ ದುಡ್ಡಿಗೆ ಮುಂದಿನ ಶಾಕ್ಸ್ ತೆಗೆಸಿ ಗಟ್ಟಿ ಫೋರ್ಕ್ ಹಾಕಿಸಲಾ? ತುಕ್ಕು ಹಿಡಿದು ಅದು ಹೇಗೂ ಕೆಲಸ ಮಾಡ್ತಿಲ್ಲ, ತೂಕ ಬೇರೆ.

ತುಂಗೆಯ_ದಡ
ಗುರುವಾರ, ರಾತ್ರಿ 8:45

ನಾನು ಮಾಡಿಸಿ ಕೈ ಸುಟ್ಟುಕೊಂಡೆ. ಶಾಕ್ಸ್ ಇರೋ ಫೋರ್ಕು ಗಟ್ಟಿ ಫೋರ್ಕಿಗಿಂತ ಉದ್ದ. ಸಿಕ್ಕಿದ್ದು ಹಾಕಿದ್ರೆ ಮುಂಭಾಗ ನಾಲ್ಕು ಸೆಂಟಿಮೀಟರ್ ಕುಸೀತು, ಹ್ಯಾಂಡಲ್ ಮತ್ತೆ ತಗ್ಗು, ಕೈ ಮೇಲೆ ಮತ್ತೆ ಭಾರ. ಹ್ಯಾಂಡಲ್ ಮುಟ್ಟಿದರೆ ಸಾಕು ಗಕ್ಕನೆ ತಿರುಗ್ತಿತ್ತು. ಅದೇ ಉದ್ದದ ಗಟ್ಟಿ ಫೋರ್ಕ್ ಸಿಕ್ಕರೆ ಮಾತ್ರ ಹಾಕಿಸಿ, ಇಲ್ಲಾಂದ್ರೆ ಬಿಡಿ.

ಲಿಂಗಾಂಬುಧಿ_ಸವಾರ
ನಾಲ್ಕನೇ ವಾರ, ಭಾನುವಾರ, ಮಧ್ಯಾಹ್ನ 12:30

ಶಾಕ್ಸ್ ಬಿಟ್ಟೆ. ಇವತ್ತು ಕೆಆರ್‌ಎಸ್‌ಗೆ ಹೋಗಿ ಬಂದೆ. ಬೆಳಿಗ್ಗೆ ಐದೂವರೆಗೆ ಹೊರಟು ಹತ್ತಕ್ಕೆ ಮನೆ. ಕೆಆರ್‌ಎಸ್ ರಸ್ತೆಯಲ್ಲಿ, ಸರಿಯಾಗಿ ಟೈರ್ ಫ್ಯಾಕ್ಟರಿ ಮುಂದೆ, ಪಂಕ್ಚರ್! ಗೇಟಿನ ಸೆಕ್ಯುರಿಟಿಯವರು ನಗುತ್ತಾ ನೀರು ಕೊಟ್ಟರು. ಬೆಳಗೊಳದ ಹತ್ತಿರ ಗದ್ದೆ ಮೇಲೆ ಮಂಜು, ಹೋಟೆಲಲ್ಲಿ ಎರಡು ಇಡ್ಲಿ (ವಡೆ ಬಿಟ್ಟೆ, ಸಕ್ಕರೆ ಡಾಕ್ಟರು ಇದನ್ನ ಓದುತ್ತಿದ್ದರೆ ಗಮನಿಸಿ). ಕೈ ಜೋಮು ಬಂತು, ಆದರೆ ಇಪ್ಪತ್ತೈದು ಕಿಲೋಮೀಟರ್ ಆದಮೇಲೆ, ಅದೂ ಎಡಗೈ ಮಾತ್ರ. ಕುಂಡೆ ನೋಯುತ್ತಿದೆ, ನೋಯಲಿ, ಅಷ್ಟು ದೂರಕ್ಕೆ ಅಷ್ಟು ಇರುತ್ತೆ.

ಒಂದೇ ಉಳಿದಿದೆ. ತುಳಿದಾಗಲೆಲ್ಲ ಸುತ್ತಿಗೊಂದು ಸಲ "ಕಟ್" ಅನ್ನುತ್ತೆ.

ಹಳೇಗೇರು
ಭಾನುವಾರ, ಮಧ್ಯಾಹ್ನ 1:15

ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟು ಅಥವಾ ಪೋಸ್ಟು. ನಿಲ್ಲದಿದ್ದರೆ ಪೆಡಲ್ ಬಿಚ್ಚಿ, ತಿರುಪಿನ ಮರೆಗೆ ಗ್ರೀಸ್ ಹಚ್ಚಿ ಮತ್ತೆ ಬಿಗಿಯಿರಿ. ಎಡಗಡೆ ಪೆಡಲಿನ ಮರೆ ಉಲ್ಟಾ, ಜ್ಞಾಪಕ ಇರಲಿ. ಆದರೂ ಹೋಗದಿದ್ದರೆ ಕ್ರ್ಯಾಂಕ್ ಬೋಲ್ಟ್ ಬಿಗಿ ಮಾಡಿಸಿ.

ಲಿಂಗಾಂಬುಧಿ_ಸವಾರ
ಭಾನುವಾರ, ಸಂಜೆ 6:10

ಎಡ ಪೆಡಲ್ಲೇ. ಗ್ರೀಸ್ ಹಚ್ಚಿದೆ, ಹೋಯಿತು.

ಹಳೇ ಗುಬುಟು ಟೈರು ಎರಡು ಇವೆ. ಓಡಿಸೋಕೆ ಬರಲ್ಲ, ತೋಟದಲ್ಲಿ ಗಿಡಕ್ಕೆ ಪಾತಿ ಕಟ್ಟೋಕೆ ಆಗುತ್ತೆ. ಮೈಸೂರಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ, ಕಾಸು ಬೇಡ.

ಸ್ಪೀಡ್‌ಬ್ರೇಕರ್_ಸಿದ್ದ
ಭಾನುವಾರ, ಸಂಜೆ 6:30

ಟೈರ್ ಬೇಡ. ಆ ಜೆಲ್ ಕವರ್ ಇದೆಯಾ? ನಮ್ಮ ಹೊಸ ಹೈಬ್ರಿಡ್ ಸೀಟು ಸ್ವಲ್ಪ ಗಟ್ಟಿ.

ಲಿಂಗಾಂಬುಧಿ_ಸವಾರ
ಭಾನುವಾರ, ಸಂಜೆ 6:34

ಅದು ಹೋಯಿತು ಸಿದ್ದ. ನಮ್ಮನೆಯವಳು ಅಡುಗೆಮನೆ ಸ್ಟೂಲಿಗೆ ಹಾಕಿಕೊಂಡಿದ್ದಾಳೆ, ಕೇಳಿದರೆ ಕೊಡಲ್ಲ ಅಂತಾಳೆ. ನೀವು ಟಿವಿ ಡಬ್ಬ ಹುಡುಕಿ.